ಭಾವನ ನಾಯಿಯೂ ಯಜಮಾನರ ಉಬ್ಬಸವೂ

"ಆ ನಾಯಿ ಈ ಹೊಸಿಲು ದಾಟಿದ ದಿನ ನನ್ನ ಹೆಣ ಇದೇ ಬಾಗಿಲಿಂದ ಆಚೆ ಹೋಗುತ್ತೆ. ನೆನಪಿಟ್ಕೋ."

"ಯಾವ ಬಾಗಿಲು? ಮುಂದಿನದು ಅರ್ಧಕ್ಕಿಂತ ಹೆಚ್ಚು ತೆರೆಯಲ್ಲ. ಕೀಲಿಗೆ ಎಣ್ಣೆ ಬಿಡಿ ಅಂತ ಹೇಳಿ ಹೇಳಿ ನನ್ನ ನಾಲಿಗೆ ಸವೀತು. ಎಣ್ಣೆ ವಾಸನೆಗೂ ಉಬ್ಬಸ ಬರುತ್ತೆ ಅಂದ್ರಿ. ಈಗ ನೋಡಿ, ಹೆಣವನ್ನ ಓರೆ ಮಾಡಿ ಸಾಗಿಸ್ಬೇಕು."

ಭಾನುವಾರದ ಬೆಳಗು. ಹೊಲಿಗೆಯಮ್ಮ ಯಂತ್ರದ ಮುಂದೆ ಕೂತು ಯಾರದೋ ಮನೆಯ ಪರದೆಗೆ ಅಂಚು ಮಡಿಸುತ್ತಿದ್ದರು. ತುಟಿಗಳ ನಡುವೆ ನಾಲ್ಕಾರು ಗುಂಡುಸೂಜಿ. ಸೂಜಿ ಕಚ್ಚಿಕೊಂಡೇ ಮಾತಾಡುವುದು ಅವರ ಅಭ್ಯಾಸ. ಹಾಗಾಗಿ ಅವರ ಮಾತು ಹೊರಬರುವಾಗಲೇ ಅಷ್ಟಿಷ್ಟು ಚುಚ್ಚಿಕೊಂಡು ಬರುತ್ತಿತ್ತು. ಎದುರಿನ ಕುರ್ಚಿಯಲ್ಲಿ ಯಜಮಾನರು, ಒರೆಸಿದ ಕನ್ನಡಕವನ್ನೇ ಮತ್ತೆ ಮತ್ತೆ ಒರೆಸುತ್ತ ಕೂತಿದ್ದರು. ಪೇಟೆಯಲ್ಲಿ ಅವರದು ಕನ್ನಡಕದ ಅಂಗಡಿ. ಊರಿಗೆಲ್ಲ ಕಣ್ಣು ಕಾಣಿಸುವ ಹಾಗೆ ಮಾಡುವ ಮನುಷ್ಯ. ಮನೆಯಲ್ಲಿ ಮಾತ್ರ ಕಣ್ಣೆದುರಿಗೇ ನಿಂತ ಪೊರಕೆ ಅವರಿಗೆ ಎಂದೂ ಕಂಡದ್ದಿಲ್ಲ.

ಜಗಳ ನಡೆದಿದ್ದು ಭಾವನ ನಾಯಿಯ ಸಲುವಾಗಿ. ಭಾವ ಎಂದರೆ ಹೊಲಿಗೆಯಮ್ಮನ ಅಣ್ಣ, ಬಸ್ ಡಿಪೊ ಮ್ಯಾನೇಜರಾಗಿದ್ದು ನಿವೃತ್ತರಾದವರು. ಅವರೀಗ ನಾಯಿಯನ್ನು ಬಿಟ್ಟುಕೊಡಲು ಹೊರಟಿದ್ದರು. ತಂಗಿ ಇಟ್ಟುಕೊಂಡರೆ ಸರಿ. ಇಲ್ಲದಿದ್ದರೆ ಪರ ಊರಿನ ಯಾವುದೋ ಗೋದಾಮಿನ ಕಾವಲಿಗೆ ಇವತ್ತೇ ರವಾನೆ.

"ಹೋಗ್ಲಿ ಬಿಡು. ಈ ಕಾಲದಲ್ಲಿ ನಾಯಿಗಾದ್ರೂ ಒಂದು ನೌಕರಿ ಸಿಕ್ತಲ್ಲ" ಎಂದರು ಯಜಮಾನರು.

"ಹಗಲೂ ರಾತ್ರಿ ಸರಪಳೀಲಿ ಕಟ್ಟಿರ್ತಾರಂತೆ."

"ನಿಮ್ಮಣ್ಣನ ಮಾತು ಕೇಳ್ಕೊಂಡು ಸ್ವತಂತ್ರವಾಗಿ ಇರೋದಕ್ಕಿಂತ ಸರಪಳಿ ಮೇಲು."

"ಯಾಕೆ ಕೊಡ್ತಿದ್ದಾನೆ ಅಂತಾದ್ರೂ ಕೇಳಿ."

"ನಿಮ್ಮಣ್ಣನನ್ನ ಒಂದು ಪ್ರಶ್ನೆ ಕೇಳಿದ್ರೆ ಮೂರು ಬಸ್ಸು ತಪ್ಪುತ್ತೆ. ನಾನು ಕೇಳೋನಲ್ಲ."

ಇದು ತೀರಾ ಸುಳ್ಳಲ್ಲ. ಭಾವನದು ಒಂದೇ ಒಂದು ಚಟ. ಯಾರೇ ಎದುರಾದರೂ "ಯಾವ ದಾರೀಲಿ ಬಂದ್ರಿ?" ಎಂದು ಕೇಳುವರು. ಬಂದವರು ಯಾವ ದಾರಿ ಹೇಳಿದರೂ ಅದು ತಪ್ಪು ದಾರಿ. ಸರಿಯಾದ ದಾರಿ ಯಾವುದು, ಅಲ್ಲಿ ಎಷ್ಟು ತಿರುವು, ಯಾವ ತಿರುವಿನಲ್ಲಿ ಯಾವ ಬಸ್ಸು ಯಾವ ಕಾಲದಲ್ಲಿ ಕೆಟ್ಟು ನಿಂತಿತ್ತು ಎಂದೆಲ್ಲ ವಿವರಿಸಿ ಮುಗಿಸುವ ಹೊತ್ತಿಗೆ ಬಂದವರಿಗೆ ತಾವು ಬಂದದ್ದೇಕೆಂಬುದೇ ಮರೆತುಹೋಗಿರುತ್ತಿತ್ತು.

ಇಂಥ ಭಾವನಿಂದ ಯಜಮಾನರನ್ನು ಕಾಪಾಡಿದ್ದು ಉಬ್ಬಸ. ಮದುವೆಯಾದ ಹೊಸತರಲ್ಲಿ ಒಮ್ಮೆ ಭಾವನ ಮನೆಗೆ ಹೋದಾಗ, ಆಗ ಅಲ್ಲಿದ್ದ ಮುದಿ ನಾಯಿ ಅವರ ಮುಖ ನೆಕ್ಕಿತು. ಯಜಮಾನರು ಸೀನಿದರು, ಕೆಮ್ಮಿದರು, ಎದೆ ಸುಂಯ್ ಎಂದಿತು. ವೈದ್ಯರು ಉಸಿರಿನ ಜೊತೆ ಔಷಧಿ ಎಳೆದುಕೊಳ್ಳುವ ಪಂಪೊಂದನ್ನು ಬರೆದುಕೊಟ್ಟರು. ಆ ಒಂದು ದಿನದ ಉಬ್ಬಸ ಸತ್ಯ. ಅದರ ಮೇಲೆ ಎದ್ದ ಮಹಡಿಗಳೆಲ್ಲ ಯಜಮಾನರ ಸ್ವಂತ ಕಟ್ಟಡ. ನಾಯಿ ಇದೆ, ಆದ್ದರಿಂದ ಭಾವನ ಮನೆಗೆ ಹೋಗುವಂತಿಲ್ಲ. ಧೂಳಿದೆ, ಆದ್ದರಿಂದ ಅಟ್ಟ ಹತ್ತುವಂತಿಲ್ಲ. ಪೊರಕೆ ಮುಟ್ಟುವಂತಿಲ್ಲ, ಹಾಸಿಗೆ ಕೊಡವುವಂತಿಲ್ಲ, ಫ್ಯಾನಿನ ರೆಕ್ಕೆ ಒರೆಸುವಂತಿಲ್ಲ. ಹೆಂಡತಿ ಏನಾದರೂ ಹೇಳಲು ಬಾಯಿ ತೆರೆದರೆ ಸಾಕು, ಪಂಪು ಜೇಬಿನಿಂದ ಪೊಲೀಸರ ಸೀಟಿಯ ಹಾಗೆ ಹೊರಬರುತ್ತಿತ್ತು.

ಈಗ ನಾಯಿ ಮನೆಗೆ ಬಂದು, ತಾವು ಅದರ ಪಕ್ಕದಲ್ಲೇ ಗುಂಡುಕಲ್ಲಿನ ಹಾಗೆ ಇದ್ದುಬಿಟ್ಟರೆ? ಅಡಿಪಾಯವೇ ಅಲುಗಾಡಿದರೆ ಮಹಡಿಗಳ ಗತಿ?

ಇದಕ್ಕಿಂತ ದೊಡ್ಡ ಅಳುಕು ಒಂದಿತ್ತು, ಅದು ಹೊಟ್ಟೆಯೊಳಗಿನದು. ಅಂಗಡಿಗೆ ಕೆಲವು ತಿಂಗಳಿಂದ ಎಲ್ಲಿಂದಲೋ ಒಂದು ನಾಯಿ ಬರುತ್ತಿತ್ತು. ಮಧ್ಯಾಹ್ನ ಬಂದು ಯಜಮಾನರ ಕಾಲ ಮೇಲೆ ಗದ್ದವಿಟ್ಟು, ಗಲ್ಲಾದ ಕೆಳಗೆ ಸಂಜೆವರೆಗೆ ಮಲಗುವುದು. ದಿನಾ ಬಂದು ಏನನ್ನೂ ಕೊಳ್ಳದ್ದರಿಂದ ಅದಕ್ಕೆ 'ಗಿರಾಕಿ' ಎಂದು ಹೆಸರಿಟ್ಟಿದ್ದರು. ಊಟವಾದ ಮೇಲೆ ಕನ್ನಡಕ ತೆಗೆದಿಟ್ಟು, ಕಣ್ಣು ಮುಚ್ಚಿ, ಅದರ ಕೊರಳು ಕೆರೆಯುತ್ತ ಸಣ್ಣ ನಿದ್ದೆ ತೆಗೆಯುವುದು ಅವರ ದಿನದ ಪರಮಸುಖ. ಇಷ್ಟು ತಿಂಗಳಲ್ಲಿ ಅವರು ಒಂದು ಸೀನು ಸೀನಿದ್ದಿಲ್ಲ. ಹೆಂಡತಿಯ ಕಿವಿಗೆ ಇದು ಬಿದ್ದರೆ ಅಟ್ಟದ ಏಣಿ ತಾನಾಗಿಯೇ ನಡೆದುಕೊಂಡು ಬಂದು ಮುಂದೆ ನಿಲ್ಲುತ್ತಿತ್ತು.

"ನಿಮಗೆ ನಾಯಿ ಅಂದ್ರೆ ಎಷ್ಟು ದೂರದಿಂದ ತೊಂದರೆ ಆಗುತ್ತೆ?" ಹೊಲಿಗೆಯಮ್ಮ ದಾರ ಕಡಿಯುತ್ತ ಕೇಳಿದರು.

"ದೂರ ಗೀರ ಇಲ್ಲ. ಅದರ ಒಂದು ಕೂದಲು ಸಾಕು."

"ಒಂದು?"

"ಅರ್ಧ."

"ಹಾಗಾದ್ರೆ ಈ ಸೂಜಿದಿಂಬು ನೋಡಿ." ಯಂತ್ರದ ಪಕ್ಕದಲ್ಲಿದ್ದ, ಸೂಜಿ ಚುಚ್ಚಿಡುವ ಪುಟ್ಟ ಕೆಂಪು ದಿಂಬನ್ನು ಅವರು ಗಂಡನ ಮಡಿಲಿಗೆ ಹಾಕಿದರು. "ಹೇಗಿದೆ?"

"ಮೆತ್ತಗಿದೆ. ಹತ್ತಿ ಒಳ್ಳೇದು."

"ಹತ್ತಿ ಅಲ್ಲ. ನಿಮ್ಮ ಪ್ಯಾಂಟಿನಿಂದ ಆರಿಸಿದ ನಾಯಿ ಕೂದಲು. ಇಸ್ತ್ರಿ ಮಾಡೋವಾಗೆಲ್ಲ ತೆಗೆದು ತೆಗೆದು ತುಂಬಿಸ್ದೆ. ಎರಡು ತಿಂಗಳಿಂದ ನಿಮ್ಮ ಕುರ್ಚಿ ಎದುರಿಗೇ ಇದೆ."

ಯಜಮಾನರು ದಿಂಬನ್ನು ಒಂದು ಕ್ಷಣ ದಿಟ್ಟಿಸಿದರು. ಆಮೇಲೆ ಗಟ್ಟಿಯಾಗಿ ಸೀನಿದರು. ಇನ್ನೊಮ್ಮೆ ಸೀನಿದರು.

"ಗೊತ್ತಾದ ಮೇಲೆ ಬರೋ ಸೀನಿಗೆ ನಾನು ಬೆಲೆ ಕೊಡಲ್ಲ" ಎಂದರು ಹೊಲಿಗೆಯಮ್ಮ.

"ಬಸ್ಸಲ್ಲಿ ಯಾರ ಪಕ್ಕಾನೋ ಕೂತಾಗ ಅಂಟಿರಬೇಕು ಕಣೇ."

"ದಿನಾ? ಅದೇ ಕಂದು ಬಣ್ಣದವರ ಪಕ್ಕಾನೇ? ಬೇರೆ ಹೆಂಡತೀರಾಗಿದ್ರೆ ಏನೇನೋ ಅನುಮಾನ ಪಡ್ತಿದ್ರು."

"ನೀನು ಪಡಲಿಲ್ವಾ?" ಯಜಮಾನರ ದನಿಯಲ್ಲಿ ಸಣ್ಣದೊಂದು ಆಸೆ ಇಣುಕಿತು.

"ಒಂದು ದಿನ ಪಟ್ಟೆ. ಕೂದಲಿರೋದು ಬರೀ ಮೊಣಕಾಲಿಂದ ಕೆಳಗೆ. ಅಷ್ಟು ಕುಳ್ಳಗಿರೋ ಹೆಂಗಸು ಯಾರಪ್ಪ ಅಂತ ಯೋಚನೆ ಮಾಡಿದೆ. ಆಮೇಲೆ ನಿಮ್ಮ ಮುಖ ಒಂದ್ಸಲ ನೋಡ್ದೆ. ಅನುಮಾನ ಹೋಯ್ತು."

ಯಜಮಾನರಿಗೆ ಇದು ಖುಲಾಸೆಯೋ ಶಿಕ್ಷೆಯೋ ತಿಳಿಯಲಿಲ್ಲ. ಮಾತು ತಿರುಗಿಸುವುದೇ ಕ್ಷೇಮವೆನಿಸಿತು.

"ಪ್ಯಾಂಟಿನ ಕೂದಲು ಲೆಕ್ಕ ಇಡ್ತೀಯಾ. ನನ್ನ ನೀಲಿ ಚೌಕುಳಿ ಅಂಗಿ ಎಲ್ಲಿ ಹೋಯ್ತು ಅಂದ್ರೆ ಮಾತ್ರ ಉತ್ತರ ಇಲ್ಲ. ಎಂಥ ಅಂಗಿ. ಒಳಜೇಬು ಬೇರೆ ಇತ್ತು."

"ತೋಳು ಹರಿದಿತ್ತು. ಒಳ್ಳೇದಕ್ಕೇ ಉಪಯೋಗ ಆಯ್ತು ಬಿಡಿ. ನೀವು ದಿನಾ ನೋಡ್ತಾನೇ ಇದ್ದೀರಿ."

"ಎಲ್ಲಿ?"

"ಕನ್ನಡಕದ ಅಂಗಡಿ ಇಟ್ಟಿರೋರು ನೀವು. ನನ್ನನ್ನ ಕೇಳ್ತೀರಾ?"

ಇಷ್ಟರಲ್ಲಿ ಹೊರಗೆ ಗಾಡಿಯೊಂದು ನಿಂತ ಸದ್ದಾಯಿತು. ಬಾಗಿಲು ಅರ್ಧ ತೆರೆದು ಕಿರ್ರೆಂದು ಅಲ್ಲೇ ನಿಂತಿತು. ಆ ಅರ್ಧದಲ್ಲಿ ಭಾವ ಓರೆಯಾಗಿ ಒಳಗೆ ಬಂದರು. ಮೂಗಿಗೆ ಕರವಸ್ತ್ರ, ಕಣ್ಣು ಕೆಂಪು.

"ಏನ್ರೀ ಕನ್ನಡಕದವ್ರೇ, ಅಂಗಡಿಗೆ ಈಗಲೂ ಸೇತುವೆ ದಾರೀಲೇ ಹೋಗ್ತೀರಾ?"

"ಹೂಂ, ಭಾವ."

"ತಪ್ಪು. ರೈಲ್ವೆ ಗೇಟಿನ ಹಿಂದೆ ಒಂದು," ಭಾವ ನಿಂತು ಉಸಿರೆಳೆದುಕೊಂಡರು, "ಹಳೇ ರಸ್ತೆ ಇದೆ. ಅಲ್ಲಿ ಎಡಕ್ಕೆ," ಮತ್ತೆ ಉಸಿರೆಳೆದುಕೊಂಡರು, "ತಿರುಗಿದ್ರೆ..."

ಯಜಮಾನರು ಬೆರಗಾಗಿ ನೋಡಿದರು. ಭಾವನ ಮಾತು ಇಷ್ಟು ವರ್ಷ ನಿಲ್ದಾಣವೇ ಇಲ್ಲದ ಎಕ್ಸ್‌ಪ್ರೆಸ್ಸು. ಇವತ್ತು ಅದು ಹೆಜ್ಜೆಗೊಂದು ಕಡೆ ನಿಂತು ಹೊರಡುತ್ತಿತ್ತು.

"ಕೂತ್ಕೋ ಅಣ್ಣ. ಮೊದಲು ಸುಧಾರಿಸ್ಕೋ" ಎಂದರು ಹೊಲಿಗೆಯಮ್ಮ.

"ಇಲ್ಲ ತಂಗಿ, ಗೋದಾಮಿನ ಗಾಡಿಯವನು ಕಾಯ್ತಿದ್ದಾನೆ. ನಾಯಿ ಹಿಂದುಗಡೆ ಇದೆ." ಭಾವ ಆದರೂ ಕೂತರು. ಯಜಮಾನರ ಕೈ ಹಿಡಿದುಕೊಂಡರು. "ನಿಮ್ಮ ಹತ್ರ ಒಂದು ಕ್ಷಮೆ ಕೇಳೋದಿದೆ."

"ನನ್ನ ಹತ್ರಾನಾ?"

"ಇಷ್ಟು ವರ್ಷ ನಾನು ಏನಂದ್ಕೊಂಡಿದ್ದೆ ಗೊತ್ತಾ? ನಮ್ಮ ಮನೆಗೆ ಬರೋ ಮನಸ್ಸಿಲ್ಲ, ಅದಕ್ಕೇ ಉಬ್ಬಸ ಗಿಬ್ಬಸ ಅಂತ ಈ ಮನುಷ್ಯ ನಾಟಕ ಆಡ್ತಿದ್ದಾನೆ ಅಂತ."

ಹೊಲಿಗೆ ಯಂತ್ರ ಒಮ್ಮೆ ಟಕಟಕ ಎಂದು ಜೋರಾಗಿ ಓಡಿತು. ಅದರ ಕೆಳಗೆ ಆಗ ಬಟ್ಟೆಯೇ ಇರಲಿಲ್ಲ.

"ಈಗ ನನಗೇ ಬಂತು ನೋಡಿ" ಎಂದರು ಭಾವ. "ಉಬ್ಬಸ, ಅಲರ್ಜಿ, ಎರಡೂ. ನಾಯಿ ಕೂದಲೇ ಕಾರಣ ಅಂತ ಪರೀಕ್ಷೆ ಮಾಡಿ ಹೇಳಿದ್ರು. ಹಗಲೆಲ್ಲ ಅದನ್ನ ಹೊರಗೆ ಬಿಟ್ಟು ನೋಡ್ದೆ. ಮಾತ್ರೆ ತಗೊಂಡು ನೋಡ್ದೆ. ಆಗಲಿಲ್ಲ. ಸಾಕಿದ ಪ್ರಾಣಿ ಕಣ್ರೀ. ಕಳಿಸ್ಬೇಕು ಅಂದ್ರೆ ಕರುಳು ಹಿಂಡುತ್ತೆ. ಆದ್ರೆ ಉಸಿರೇ ಇಲ್ದಿದ್ರೆ ಕರುಳಿಟ್ಕೊಂಡು ಏನು ಮಾಡ್ಲಿ?"

ಯಜಮಾನರು "ಅಯ್ಯೋ" ಎಂದರು. ಅದು ನಿಜವಾದ ಅಯ್ಯೋ. ಆದರೆ ಅದರ ಹಿಂದೆಯೇ ಒಂದು ಭಯ ಬಂತು, ಮತ್ತು ಆ ಭಯ ನಿಜವಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

"ನೀವು ಇದರಲ್ಲಿ ಹಳಬರು. ಹೇಳಿಕೊಡಿ" ಎಂದರು ಭಾವ. "ಈ ಪಂಪು ಒತ್ತೋದಕ್ಕೆ ಮೊದಲು ಉಸಿರು ಹೊರಗೆ ಬಿಡೋದಾ, ಒತ್ತಿದ ಮೇಲೆ ಬಿಡೋದಾ?"

"ಅದು... ಅವರವರ ಅನುಕೂಲ."

"ಒತ್ತಿದ ಮೇಲೆ ಎಷ್ಟು ಹೊತ್ತು ಉಸಿರು ಹಿಡೀಬೇಕು?"

"ಸಾಕಾಗೋವರೆಗೂ."

"ಮೊದಲು ಅಲ್ಲಾಡಿಸ್ಬೇಕು ಅಂತಾರಲ್ಲ?"

"ಹೂಂ, ಅಲ್ಲಾಡಿಸ್ಬೇಕು. ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ." ಯಜಮಾನರು ಮಾಡಿ ತೋರಿಸಿದರು.

"ತಲೆಯನ್ನಲ್ಲ ಕಣ್ರೀ. ಪಂಪನ್ನ."

"ಹಾಂ, ಪಂಪನ್ನ. ತಲೆ ಅದರ ಜೊತೆಗೆ ತಾನಾಗೇ ಅಲ್ಲಾಡುತ್ತೆ."

"ಎಲ್ಲಿ, ನಿಮ್ಮದು ಕೊಡಿ ನೋಡೋಣ."

ಕೊಡದೆ ಬೇರೆ ದಾರಿ ಇರಲಿಲ್ಲ. ಭಾವ ಪಂಪನ್ನು ಬೆಳಕಿಗೆ ಹಿಡಿದು, ತಿರುಗಿಸಿ ಮುರುಗಿಸಿ ನೋಡಿದರು.

"ಇದರ ಮೇಲಿನ ಪ್ಲಾಸ್ಟಿಕ್ಕೇ ಬಿಚ್ಚಿಲ್ಲವಲ್ಲ."

"ಹೊಸದು. ನಿನ್ನೆ ತಂದದ್ದು."

"ಹೂಂ ಅಣ್ಣ, ಹೊಸದೇ" ಎಂದರು ಹೊಲಿಗೆಯಮ್ಮ. "ಈ ಹೊಸದನ್ನ ಇಡೋಕೆ ಅಂತಲೇ ನಾನು ಚೌಕುಳಿ ಅಂಗಿಗೆ ಒಳಜೇಬು ಹೊಲಿದದ್ದು. ಅಂಗಿ ಹಳೇದಾಗಿ ಹರಿದು ಚಿಂದಿ ಆಯ್ತು. ಪಂಪು ಇನ್ನೂ ಹೊಸದಾಗೇ ಇದೆ."

ಭಾವ ತಂಗಿಯ ಮುಖ ನೋಡಿದರು, ಭಾವಮೈದುನನ ಮುಖ ನೋಡಿದರು, ಆಮೇಲೆ ಪಂಪನ್ನು ನೋಡಿದರು. ಯಜಮಾನರು ಮುಳುಗುತ್ತಿದ್ದರು. ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಿತು.

"ಅದೆಲ್ಲ ಇರ್ಲಿ ಭಾವ. ನೀವೇ ಹೇಳಿ. ವರ್ಷಗಟ್ಟಲೆ ಸಾಕಿದ ನಿಮಗೇ ಆಗದ ನಾಯಿ, ಮೊದಲಿಂದಲೂ ನಾಯಿಗೆ ಸೀನೋ ನನಗೆ ಆಗುತ್ತಾ? ನಿಮ್ಮ ಕಷ್ಟವನ್ನ ಎತ್ತಿ ತಂಗಿ ಮನೇಲಿಡೋದು ನ್ಯಾಯವಾ?"

ಇದು ನಾಟಿತು. ಭಾವ ತಲೆ ತಗ್ಗಿಸಿದರು. "ನಿಜ. ನನ್ನ ಮನೆ ಬೆಂಕಿ ನಿಮ್ಮ ಸೂರಿಗೆ ಹಚ್ಚೋಕೆ ಬಂದೆ. ಬೇಡ ತಂಗಿ. ಗೋದಾಮಿಗೇ ಹೋಗ್ಲಿ."

"ಅಣ್ಣ, ಇವರ ಮಾತು..."

"ಬೇಡ ಕಣೇ. ಉಸಿರಿನ ವಿಷಯ."

ಹೊರಗೆ ಗಾಡಿಯವನು ಹಾರ್ನ್ ಒತ್ತಿದ. ಯಜಮಾನರಿಗೆ ಅದು ಗೆಲುವಿನ ಕಹಳೆಯಂತೆ ಕೇಳಿಸಿತು. ಅಟ್ಟ ಉಳಿಯಿತು, ಧೂಳು ಉಳಿಯಿತು, ಭಾನುವಾರಗಳು ಉಳಿದವು. ಗೆದ್ದವನಿಗೆ ಬರುವ ಔದಾರ್ಯದಲ್ಲಿ ಅವರು ಎದ್ದು ನಿಂತರು. "ಬನ್ನಿ ಭಾವ, ಗೇಟಿನವರೆಗೂ ಬರ್ತೀನಿ. ಆ ಮೂಕಪ್ರಾಣಿಗೂ ದೂರದಿಂದ ಒಂದು ವಿದಾಯ ಹೇಳೋಣ. ನಾವೇನು ಕಟುಕರಲ್ಲ."

ಹೊಲಿಗೆಯಮ್ಮ ಬಾಯಲ್ಲಿದ್ದ ಸೂಜಿಗಳನ್ನು ಒಂದೊಂದಾಗಿ ತೆಗೆದು ಸೂಜಿದಿಂಬಿಗೆ ಚುಚ್ಚಿಟ್ಟು, ಸದ್ದಿಲ್ಲದೆ ಹಿಂದೆಯೇ ಬಂದರು.

ತೆರೆದ ಗಾಡಿಯ ಹಿಂದುಗಡೆ, ಖಾಲಿ ಗೋಣಿಚೀಲಗಳ ಮೇಲೆ ನಾಯಿ ಬೆನ್ನು ಮಾಡಿ ಮಲಗಿತ್ತು. ಕೊರಳಿಗೆ ಹಗ್ಗ ಬಿಗಿದಿದ್ದರು.

"ಕಂಡಕ್ಟರ್, ಲೋ ಕಂಡಕ್ಟರ್" ಎಂದು ಭಾವ ಕರೆದರು. ಬಂದವರ ಜೇಬನ್ನೆಲ್ಲ ಮೂಸುತ್ತದೆ ಎಂದು ಅವರು ಇಟ್ಟ ಹೆಸರು ಅದು. "ಮನಸ್ಸಿಗೆ ಬೇಜಾರಾಗಿದೆ ಅದಕ್ಕೆ. ತಿರುಗಿಯೂ ನೋಡಲ್ಲ."

ಯಜಮಾನರು ನೋಡಿದರು. ಕಂದು ಬೆನ್ನು. ಬಾಲದ ತುದಿಯಲ್ಲಿ ಬಿಳಿ. ಎಡಗಿವಿಯ ಅಂಚು ಸ್ವಲ್ಪ ಹರಿದದ್ದು. ಕಾಲ ಮೇಲೆ ದಿನಾ ಬೆಚ್ಚಗಿರುತ್ತಿದ್ದ ಜಾಗ ಒಮ್ಮೆಲೇ ತಣ್ಣಗಾಯಿತು.

"ಲೇ ಗಿರಾಕಿ" ಎಂದಿತು ಅವರ ಬಾಯಿ, ಅವರನ್ನು ಕೇಳದೆ. "ನೀನೇನೋ ಇಲ್ಲಿ?"

ನಾಯಿ ಚಿಮ್ಮಿ ಎದ್ದು ಮುಂಗಾಲುಗಳನ್ನು ಗಾಡಿಯ ಅಂಚಿಗೆ ಹಾಕಿ, ಕುಂಯ್‌ಗುಡುತ್ತ ಯಜಮಾನರ ಕನ್ನಡಕದ ಎರಡೂ ಗಾಜುಗಳನ್ನು ನೆಕ್ಕಿತು. ಹಗ್ಗ ಕೊರಳಿಗೆ ಬಿಗಿಯಿತು.

"ಯಾರ್ರೀ ಹೀಗೆ ಕಟ್ಟಿದ್ದು? ಬುದ್ಧಿ ಬೇಡ್ವಾ? ಉಸಿರು ಕಟ್ಟಲ್ವಾ ಅದಕ್ಕೆ?" ಯಜಮಾನರ ಬೆರಳುಗಳು ಆಗಲೇ ಗಂಟು ಬಿಚ್ಚುತ್ತಿದ್ದವು. ನಾಯಿ ಕೆಳಗೆ ಹಾರಿ, ದಿನದ ರೂಢಿಯಂತೆ ಅವರ ಕಾಲ ಮೇಲೆ ಗದ್ದ ಇಟ್ಟು ಮಲಗಿತು.

ಭಾವ ನಾಲ್ಕು ಹೆಜ್ಜೆ ದೂರ ಸರಿದು ಕರವಸ್ತ್ರದ ಹಿಂದಿನಿಂದ ಕೇಳಿದರು: "ನಿಮಗೆ ಪರಿಚಯವಾ?"

"ಇಲ್ಲ... ಮುಖ ನೋಡಿದ ನೆನಪು."

"ಅಣ್ಣ, ನಿನ್ನ ಮನೆಯಿಂದ ಇವರ ಅಂಗಡಿಗೆ ಎಷ್ಟು ದೂರ?" ಎಂದರು ಹೊಲಿಗೆಯಮ್ಮ.

"ಎರಡು ಓಣಿ. ಹಾಲಿನ ಡೈರಿ ಹಿಂದಿನಿಂದ ಹೋದ್ರೆ ಒಂದೇ."

"ನೀನು ಹಗಲು ಹೊರಗೆ ಬಿಟ್ಟ ನಾಯಿ ಡೈರಿ ಹಿಂದಿನ ದಾರೀಲೇ ಹೋಗಿದೆ. ನಿನ್ನ ನಾಯಿಗಾದ್ರೂ ಸರಿಯಾದ ದಾರಿ ಗೊತ್ತು." ಅವರು ಗಂಡನ ಕಡೆ ತಿರುಗಿದರು. "ಕನ್ನಡಕ ಒರೆಸ್ಕೊಂಡು ಅದರ ಕೊರಳಪಟ್ಟಿ ನೋಡಿ. ಅಣ್ಣನ ನಾಯಿಗೆ ಅಂತ ನಾನೇ ಹೊಲಿದುಕೊಟ್ಟದ್ದು."

ಯಜಮಾನರು ಒರೆಸಿಕೊಂಡು, ಬಗ್ಗಿ ನೋಡಿದರು. ನೀಲಿ ಚೌಕುಳಿ. ಗದ್ದದ ಕೆಳಗೆ, ಅಚ್ಚುಕಟ್ಟಾಗಿ, ಒಳಜೇಬಿನ ಗುಂಡಿ ಸಮೇತ. ತಿಂಗಳುಗಟ್ಟಲೆ ಕಣ್ಣು ಮುಚ್ಚಿ ಕೆರೆದದ್ದು ತಮ್ಮದೇ ಅಂಗಿಯನ್ನು.

"ಎಲ್ಲ ಗೊತ್ತಿದ್ದೂ ಇಷ್ಟು ದಿನ ಸುಮ್ಮನಿದ್ಯಾ?"

"ಅಂಗಡೀಲಿ ಸುಖವಾಗಿ ಉಸಿರಾಡ್ಕೊಂಡಿದ್ರಿ. ಯಾಕೆ ಕೆಡಿಸ್ಲಿ ಅಂತ ಬಿಟ್ಟೆ."

ಗಾಡಿಯವನು ಮತ್ತೆ ಹಾರ್ನ್ ಒತ್ತಿದ. "ಹತ್ತಿಸ್ತೀರಾ, ಇಲ್ವಾ?"

ಎಲ್ಲರೂ ಯಜಮಾನರನ್ನು ನೋಡಿದರು, ನಾಯಿಯೂ. ಒಂದು ಕಡೆ ಅಟ್ಟ, ಪೊರಕೆ, ಫ್ಯಾನಿನ ರೆಕ್ಕೆ. ಇನ್ನೊಂದು ಕಡೆ ಸರಪಳಿ. ಯಜಮಾನರು ಕಾಲು ಅಲ್ಲಾಡಿಸಲು ಹೋದರು. ಅದರ ಮೇಲೆ ಗದ್ದ ಇತ್ತು.

"ನೀನು ಹೋಗಪ್ಪ" ಎಂದರು ಗಾಡಿಯವನಿಗೆ. "ಈ ನಾಯಿ ಕಾವಲಿಗೆ ಬರಲ್ಲ. ಬರೀ ನಿದ್ದೆ ಮಾಡುತ್ತೆ. ನನಗೆ ಗೊತ್ತು."

ಗಾಡಿ ಹೋಯಿತು. ಹೊಲಿಗೆಯಮ್ಮ ಒಳಗೆ ಹೋಗಿ ಪೊರಕೆ ತಂದು ಗಂಡನ ಕೈಯಲ್ಲಿಟ್ಟರು. "ಮೊದಲು ಅಟ್ಟ. ಆಮೇಲೆ ಬಾಗಿಲಿನ ಕೀಲು."

ಸೋತ ಯಜಮಾನರು ಪೊರಕೆ ಹಿಡಿದು ನಿಂತರು. ದೂರದಲ್ಲೇ ನಿಂತಿದ್ದ ಭಾವನನ್ನು ನೋಡುತ್ತಿದ್ದಂತೆ ಅವರ ಮುಖದಲ್ಲಿ ಮೆಲ್ಲಗೆ ಬೆಳಕು ಹರಿಯಿತು.

"ಭಾವ, ನಾಯಿ ಇರೋ ಮನೆಗೆ ನೀವು ಹೋಗಬಾರದು ಅಂತ ಡಾಕ್ಟರು ಹೇಳಿರ್ಬೇಕಲ್ಲ?"

"ಕಾಲೇ ಇಡಬಾರದು ಅಂದಿದ್ದಾರೆ."

"ಅಯ್ಯೋ ಪಾಪವೇ. ಹಾಗಾದ್ರೆ ಇನ್ಮೇಲೆ ನೀವು ನಮ್ಮ ಮನೆಗೆ ಬರೋ ಹಾಗೇ ಇಲ್ಲ." ಯಜಮಾನರು ತುಂಬು ಸಂತೋಷದಿಂದ ದುಃಖಿಸಿದರು. "ಎಂಥ ನಷ್ಟ. ಏನ್ಮಾಡೋದು ಭಾವ, ಉಸಿರಿನ ವಿಷಯ."

"ನಷ್ಟ ಏನು ಬಂತು?" ಎಂದರು ಹೊಲಿಗೆಯಮ್ಮ. "ಅವನು ಇಲ್ಲಿಗೆ ಬರೋ ಹಾಗಿಲ್ಲ ಅಷ್ಟೇ. ಅವನ ಮನೇಲಿ ಈಗ ನಾಯಿ ಇಲ್ಲವಲ್ಲ, ನಾವೇ ಹೋಗ್ಬಹುದು. ನಾಯಿಯನ್ನ ಪಕ್ಕದ ಮನೇಲಿ ಬಿಟ್ಟು, ಬಟ್ಟೆ ಬದಲಾಯಿಸ್ಕೊಂಡು ಹೋದ್ರಾಯ್ತು. ಅಣ್ಣ, ಮುಂದಿನ ಭಾನುವಾರ ಊಟಕ್ಕೆ ಬರ್ತೀವಿ. ಇಷ್ಟು ವರ್ಷದ್ದು ಬಾಕಿ ಇದೆ. ಇನ್ಮೇಲೆ ಪ್ರತಿ ಭಾನುವಾರ."

ಭಾವನ ಕೆಂಪು ಕಣ್ಣುಗಳು ಅರಳಿದವು. ಕರವಸ್ತ್ರ ಕೆಳಗಿಳಿಯಿತು. "ಬರ್ತೀರಾ ಕನ್ನಡಕದವ್ರೇ? ನಿಜವಾಗ್ಲೂ? ಯಾವ ದಾರೀಲಿ ಬರ್ತೀರಿ?"

ಯಜಮಾನರು ಬಾಯಿ ತೆರೆದರು. ಎದೆ ಹಿಡಿದಂತಾಗಿ, ವರ್ಷಗಳ ಮೇಲೆ ಮೊದಲ ಸಲ ಒಳಗೆಲ್ಲೋ ಸುಂಯ್ ಎಂದಿತು. ಅಭ್ಯಾಸಬಲದಿಂದ ಕೈ ಜೇಬಿಗೆ ಹೋಯಿತು. ಜೇಬು ಖಾಲಿ. ಪಂಪು ಇನ್ನೂ ಭಾವನ ಕೈಯಲ್ಲೇ ಇತ್ತು.

ಹೊಲಿಗೆಯಮ್ಮ ಅದನ್ನು ಅಣ್ಣನ ಕೈಯಿಂದ ಇಸಿದುಕೊಂಡು, ಹಲ್ಲಿನಿಂದ ಪ್ಲಾಸ್ಟಿಕ್ ಕಚ್ಚಿ ಬಿಚ್ಚಿ, ಗಂಡನ ಮುಂದೆ ಹಿಡಿದರು.

"ತಗೊಳ್ಳಿ. ಮೊದಲು ಅಲ್ಲಾಡಿಸಿ. ತಲೆಯನ್ನಲ್ಲ."